ಹಳದಿ ಮಾರ್ಗ ಹಿಡಿದು ದಿಲ್ಲಿ: ಬೆನ್ನುಚೀಲದ ಗೆಳೆಯರಿಗೆ ನಾಲ್ಕು ದಿನಗಳ ಮಾರ್ಗದರ್ಶಿ

ದಿಲ್ಲಿಯಲ್ಲಿ ನೋಡುವ ಜಾಗಗಳ ಪಟ್ಟಿಯನ್ನು ಯಾರು ಬೇಕಾದರೂ ಮಾಡಬಹುದು. ಯಾವ ಜಾಗವನ್ನು ಯಾವ ವಾರ ನೋಡಬೇಕು, ಯಾವುದರ ಪಕ್ಕಕ್ಕೆ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದರಲ್ಲಿ ಗುಂಪುಗಳು ಎಡವುತ್ತವೆ. ಬೆಳಿಗ್ಗೆ ಕೆಂಪುಕೋಟೆ, ಮಧ್ಯಾಹ್ನ ಕುತುಬ್ ಮಿನಾರ್, ಸಂಜೆ ಮತ್ತೆ ಚಾಂದನಿ ಚೌಕ ಎಂದು ಹೊರಟರೆ ಅರ್ಧ ದಿನ ಓಡಾಟಕ್ಕೇ ಹೋಗುತ್ತದೆ. ಸೋಮವಾರ ಹೊರಟರಂತೂ ಮುಚ್ಚಿದ ಗೇಟುಗಳ ಮುಂದೆ ಫೋಟೋ ತೆಗೆಸಿಕೊಂಡು ಬರಬೇಕಾಗುತ್ತದೆ. ಆದ್ದರಿಂದ ಯೋಜನೆ ಎರಡೇ ಸಾಮಾನಿನಿಂದ ಶುರುವಾಗಲಿ: ಒಂದು ಕ್ಯಾಲೆಂಡರ್, ಒಂದು ಮೆಟ್ರೋ ನಕ್ಷೆ.

ಮೊದಲು ವಾರ ಹೊಂದಿಸಿ

ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಗಾಂಧಿ ಸ್ಮೃತಿ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ, ಕಮಲ ಮಂದಿರ, ಅಕ್ಷರಧಾಮ ಇವೆಲ್ಲಕ್ಕೂ ಸೋಮವಾರ ರಜೆ. ಚಾಂದನಿ ಚೌಕದ ಹೆಚ್ಚಿನ ಅಂಗಡಿಗಳು ಭಾನುವಾರ ಬಾಗಿಲು ಹಾಕಿರುತ್ತವೆ. ಜಾಮಾ ಮಸೀದಿಯಲ್ಲಿ ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಶುಕ್ರವಾರ ಮಧ್ಯಾಹ್ನವಂತೂ ಅತ್ತ ಹೋಗುವುದೇ ಬೇಡ. ನಿಜಾಮುದ್ದೀನ್ ದರ್ಗಾದ ಕವ್ವಾಲಿ, ಅಂದರೆ ಸೂಫಿ ಭಕ್ತಿಗಾಯನ, ಕೇಳಬೇಕೆಂದರೆ ಗುರುವಾರ ಸಂಜೆ ಬೇಕು. ದರಿಯಾಗಂಜಿನ ಹಳೆಯ ಪುಸ್ತಕ ಸಂತೆ ಭಾನುವಾರ ಮಾತ್ರ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ: ಗುರುವಾರ ಬೆಳಿಗ್ಗೆ ಇಳಿಯುವುದು, ಭಾನುವಾರ ರಾತ್ರಿ ಹೊರಡುವುದು. ಬೆಂಗಳೂರಿನಿಂದ ಮಂಗಳವಾರ ರಾತ್ರಿ ರಾಜಧಾನಿ ಎಕ್ಸ್‌ಪ್ರೆಸ್ ಹತ್ತಿದರೆ ಗುರುವಾರ ಬೆಳಗಿನ ಜಾವ ದಿಲ್ಲಿ. ರೈಲು ಟಿಕೆಟ್ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ನಾಲ್ವರು ಒಂದೇ ಕಡೆ ಕೂರಬೇಕೆಂದರೆ ತೆರೆದ ದಿನವೇ, ಒಂದೇ ಪಿಎನ್‌ಆರ್‌ನಲ್ಲಿ ಮಾಡಿ.

ತಿಂಗಳ ವಿಷಯ. ಫೆಬ್ರುವರಿ ಮತ್ತು ಮಾರ್ಚ್ ಮೊದಲ ಪಕ್ಷ ಎಲ್ಲಕ್ಕಿಂತ ಉತ್ತಮ. ರಾಷ್ಟ್ರಪತಿ ಭವನದ ಅಮೃತ ಉದ್ಯಾನವನ್ನು ಸಾರ್ವಜನಿಕರಿಗೆ ತೆರೆಯುವುದೂ ಆಗಲೇ. ಪ್ರವೇಶ ಉಚಿತ, ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ನವೆಂಬರಿನಲ್ಲಿ ಹೊಗೆ ಕಣ್ಣಿಗೆ ಚುಚ್ಚುತ್ತದೆ. ಉಸಿರಾಟದ ತೊಂದರೆ ಇರುವವರು ಗುಂಪಿನಲ್ಲಿದ್ದರೆ ಆ ತಿಂಗಳನ್ನು ಬಿಟ್ಟುಬಿಡಿ, ಹೋಗಲೇಬೇಕಾದರೆ ಎನ್‌95 ಮಾಸ್ಕ್ ಒಯ್ಯಿರಿ. ಬಟ್ಟೆಯ ಮಾಸ್ಕ್ ಆ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಜನವರಿ 26ರ ಹಿಂದಿನ ವಾರ ಕರ್ತವ್ಯ ಪಥದ (ಹಿಂದಿನ ರಾಜಪಥ) ಸುತ್ತ ಪೂರ್ವಾಭ್ಯಾಸದ ನಿರ್ಬಂಧ, ಆಗಸ್ಟ್ 15ರ ಮುಂಚಿನ ದಿನಗಳಲ್ಲಿ ಕೆಂಪುಕೋಟೆ ಬಂದ್. ಮೇ, ಜೂನಿನ 45 ಡಿಗ್ರಿಯಲ್ಲಿ ಕಲ್ಲುಹಾಸಿನ ಮೇಲೆ ನಡೆಯುವ ಹರಕೆ ಯಾರಿಗೂ ಬೇಡ.

ವಾಸ್ತವ್ಯ ಹಳದಿ ಮಾರ್ಗದ ಮೇಲೆಯೇ ಇರಲಿ

ದಿಲ್ಲಿ ಮೆಟ್ರೋದ ನಕ್ಷೆ ನೋಡಿ ತಲೆ ತಿರುಗುವುದು ಸಹಜ. ಆದರೆ ಪ್ರವಾಸಿಗೆ ಮುಖ್ಯವಾಗಿ ಬೇಕಾದ್ದು ಹಳದಿ ಮಾರ್ಗವೊಂದೇ. ಉತ್ತರದಿಂದ ದಕ್ಷಿಣಕ್ಕೆ ಅದರ ನಿಲ್ದಾಣಗಳನ್ನು ಓದಿ: ಚಾಂದನಿ ಚೌಕ್, ಚಾವ್ಡಿ ಬಜಾರ್, ನ್ಯೂ ಡೆಲ್ಲಿ, ರಾಜೀವ್ ಚೌಕ್, ಪಟೇಲ್ ಚೌಕ್, ಸೆಂಟ್ರಲ್ ಸೆಕ್ರೆಟೇರಿಯಟ್, ಲೋಕ ಕಲ್ಯಾಣ ಮಾರ್ಗ, ಜೋರ್ ಬಾಗ್, ದಿಲ್ಲಿ ಹಾಟ್–ಐಎನ್‌ಎ, ಹೌಜ್ ಖಾಸ್, ಸಾಕೇತ್, ಕುತುಬ್ ಮಿನಾರ್. ಷಹಜಹಾನನ ಪಟ್ಟಣ, ಬ್ರಿಟಿಷರ ರಾಜಧಾನಿ, ಲೋದಿಗಳ ಗೋರಿಗಳು, ಸುಲ್ತಾನರ ಮೆಹ್ರೌಲಿ ಎಲ್ಲವೂ ಇದೊಂದೇ ಗೆರೆಯ ಮೇಲೆ ಸಾಲಾಗಿ ಕೂತಿವೆ. ಚಾಂದನಿ ಚೌಕ್‌ನಿಂದ ಕುತುಬ್ ಮಿನಾರ್‌ಗೆ ಮುಕ್ಕಾಲು ಗಂಟೆಯ ಒಳಗೆ ಮುಟ್ಟುತ್ತೀರಿ.

ಹಾಗಾಗಿ ಹಾಸ್ಟೆಲ್ ಹುಡುಕುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಹಳದಿ ಮಾರ್ಗದ ನಿಲ್ದಾಣಕ್ಕೆ ನಡೆದು ಹತ್ತು ನಿಮಿಷದೊಳಗೆ ಮುಟ್ಟಬಹುದೇ? ಪಹಾಡ್‌ಗಂಜ್ ಅಗ್ಗ, ರೈಲು ನಿಲ್ದಾಣದ ಎದುರೇ ಇದೆ, ಆದರೆ ಗದ್ದಲ ಮತ್ತು ದಲ್ಲಾಳಿಗಳ ಕಾಟ ಜಾಸ್ತಿ. ಹೌಜ್ ಖಾಸ್, ಸಾಕೇತ್ ಕಡೆ ಸ್ವಲ್ಪ ದುಬಾರಿ, ರಾತ್ರಿ ನೆಮ್ಮದಿ. ಹುಡುಗಿಯರೇ ಇರುವ ಗುಂಪಾದರೆ ದಕ್ಷಿಣವನ್ನೇ ಆರಿಸಿಕೊಳ್ಳಿ.

ನಾಲ್ವರಿದ್ದರೆ ನಾಲ್ಕು ಹಾಸಿಗೆಯ ಡಾರ್ಮಿಟರಿಯನ್ನು ಪೂರ್ತಿ ತೆಗೆದುಕೊಳ್ಳಿ. ಎಂಟು ಹಾಸಿಗೆಯದರಲ್ಲಿ ಉಳಿಸುವ ದುಡ್ಡನ್ನು ನಿದ್ದೆಗೆಟ್ಟು ತೀರಿಸಬೇಕಾಗುತ್ತದೆ. ಡಾರ್ಮಿಟರಿಯ ಲಾಕರಿಗೆ ಬೀಗ ಬಹುಪಾಲು ನಿಮ್ಮದೇ ಆಗಿರಬೇಕು, ತಲೆಗೊಂದು ಸಣ್ಣ ಬೀಗ ಮರೆಯಬೇಡಿ. ಗುರುತಿನ ಚೀಟಿಯ ಮೂಲಪ್ರತಿಯನ್ನು ಪ್ರತಿಯೊಬ್ಬರೂ ತೋರಿಸಬೇಕು, ಒಬ್ಬರದ್ದು ಸಾಲದು. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 2ರ ನಡುವೆ. ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ಬಡಿಯುವುದಾದರೆ ಹಾಸ್ಟೆಲಿನವರು ಚೀಲ ಇಟ್ಟುಕೊಳ್ಳುತ್ತಾರೆಯೇ, ಸ್ನಾನಕ್ಕೆ ಬಿಡುತ್ತಾರೆಯೇ ಎಂದು ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.

ಚೀಲದ ಲೆಕ್ಕ

ತಲಾ 35ರಿಂದ 40 ಲೀಟರಿನ ಒಂದು ಬೆನ್ನುಚೀಲ, ಅದರೊಳಗೆ ಮಡಚಿಡಬಹುದಾದ 15 ಲೀಟರಿನ ಹಗಲು ಚೀಲ. ಅದಕ್ಕಿಂತ ದೊಡ್ಡದು ಬೇಡ. ದೇಶದೊಳಗಿನ ವಿಮಾನದಲ್ಲಿ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ. ಮೆಟ್ರೋದ ಮಿತಿ 25 ಕಿಲೋ ಇದ್ದರೂ ಬೆಳಿಗ್ಗೆ ಒಂಬತ್ತರ ರಾಜೀವ್ ಚೌಕ್‌ನಲ್ಲಿ ಉಬ್ಬಿದ ಚೀಲದವರಿಗೆ ಬಾಗಿಲ ತನಕವೂ ಹೋಗಲಾಗುವುದಿಲ್ಲ. ದೊಡ್ಡ ಚೀಲದೊಂದಿಗಿನ ಪ್ರಯಾಣವನ್ನು ಬೆಳಿಗ್ಗೆ 8ರೊಳಗೆ ಅಥವಾ ಮಧ್ಯಾಹ್ನ 12ರಿಂದ 5ರ ನಡುವೆ ಮುಗಿಸಿ.

ಹಗಲು ಚೀಲದಲ್ಲಿ ಇರಬೇಕಾದ್ದು: ಒಂದು ಲೀಟರ್ ನೀರಿನ ಬಾಟಲಿ, ಪವರ್ ಬ್ಯಾಂಕ್, ತಲೆಗೆ ಕಟ್ಟಲು ದೊಡ್ಡ ಕರವಸ್ತ್ರ ಅಥವಾ ದುಪಟ್ಟಾ, ತೆಳುವಾದ ಒಂದು ಜೊತೆ ಕಾಲುಚೀಲ, ಓಆರ್‌ಎಸ್ ಪೊಟ್ಟಣ. ಕಾಲುಚೀಲ ಏಕೆಂದರೆ ಜಾಮಾ ಮಸೀದಿಯ ಅಂಗಳದ ಕಲ್ಲು ಮಧ್ಯಾಹ್ನ ಸುಡುತ್ತದೆ, ಜನವರಿಯ ಬೆಳಿಗ್ಗೆ ಕೊರೆಯುತ್ತದೆ. ಚಪ್ಪಲಿ ಮಾತ್ರ ಎರಡೂ ಕಾಲದಲ್ಲಿ ಹೊರಗೇ. ಚಾಕು, ಲೈಟರ್ ಮನೆಯಲ್ಲೇ ಬಿಟ್ಟು ಬನ್ನಿ. ಪ್ರತಿ ಮೆಟ್ರೋ ನಿಲ್ದಾಣದಲ್ಲೂ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ.

ಇಳಿದ ಮೊದಲ ಒಂದು ಗಂಟೆ

ಹೆಚ್ಚಿನ ಮೋಸಗಳು ನಡೆಯುವುದು ಈ ಒಂದು ಗಂಟೆಯಲ್ಲೇ. ಆಗ ನಿದ್ದೆಗಣ್ಣು, ಬೆನ್ನ ಮೇಲೆ ಭಾರ, ದಿಕ್ಕು ಗೊತ್ತಿರುವುದಿಲ್ಲ.

ರಾಜಧಾನಿ ಬಂದು ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ, ಕರ್ನಾಟಕ ಎಕ್ಸ್‌ಪ್ರೆಸ್ ಮುಟ್ಟುವುದು ನ್ಯೂ ಡೆಲ್ಲಿಗೆ. ಇವೆರಡು ಬೇರೆ ಬೇರೆ ನಿಲ್ದಾಣಗಳು. ನಿಜಾಮುದ್ದೀನ್‌ನಲ್ಲಿ ಸರಾಯ್ ಕಾಲೇ ಖಾನ್ ಕಡೆಯ ಬಾಗಿಲಿನಿಂದ ಹೊರಬಂದರೆ ಗುಲಾಬಿ ಮಾರ್ಗದ ಮೆಟ್ರೋ. ಅಲ್ಲಿಂದ ದಿಲ್ಲಿ ಹಾಟ್–ಐಎನ್‌ಎಗೆ ಹೋಗಿ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು.

ನ್ಯೂ ಡೆಲ್ಲಿ ನಿಲ್ದಾಣಕ್ಕೆ ಎರಡು ಮುಖ. ಒಂದನೇ ಪ್ಲಾಟ್‌ಫಾರ್ಮಿನ ಕಡೆ ಪಹಾಡ್‌ಗಂಜ್, ಹದಿನಾರನೆಯದರ ಕಡೆ ಅಜ್ಮೇರಿ ಗೇಟ್. ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ. ತಪ್ಪು ಬದಿಗೆ ಹೊರಬಂದರೆ ಚೀಲ ಹೊತ್ತು ಇಡೀ ನಿಲ್ದಾಣವನ್ನು ಮೇಲ್ಸೇತುವೆಯ ಮೇಲೆ ದಾಟಬೇಕು. ನಿಮ್ಮ ಹಾಸ್ಟೆಲ್ ಪಹಾಡ್‌ಗಂಜಿನ ಮುಖ್ಯ ಬಜಾರಿನ ಪಶ್ಚಿಮ ತುದಿಯಲ್ಲಿದ್ದರೆ ನ್ಯೂ ಡೆಲ್ಲಿ ಮೆಟ್ರೋಗಿಂತ ನೀಲಿ ಮಾರ್ಗದ ಆರ್.ಕೆ. ಆಶ್ರಮ ಮಾರ್ಗ ನಿಲ್ದಾಣವೇ ಹತ್ತಿರ.

ವಿಮಾನದವರಿಗೆ ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ನ್ಯೂ ಡೆಲ್ಲಿಗೆ ತರುತ್ತದೆ. ಟರ್ಮಿನಲ್ 1ರಲ್ಲಿ ಇಳಿದವರಿಗೆ ಅದೇ ಹೆಸರಿನ ನಿಲ್ದಾಣ ಮೆಜೆಂಟಾ ಮಾರ್ಗದಲ್ಲಿದೆ, ಹೌಜ್ ಖಾಸ್‌ನಲ್ಲಿ ಹಳದಿ ಮಾರ್ಗಕ್ಕೆ ಸೇರುತ್ತದೆ.

“ನಿಮ್ಮ ಹೋಟೆಲ್ ಮುಚ್ಚಿದೆ”, “ಆ ರಸ್ತೆ ಬಂದ್ ಆಗಿದೆ”, “ಸರ್ಕಾರಿ ಪ್ರವಾಸಿ ಕಚೇರಿಗೆ ಕರೆದೊಯ್ಯುತ್ತೇನೆ” ಎಂದು ಯಾರಾದರೂ ಹೇಳಿದರೆ ನಿಲ್ಲದೆ ನಡೆಯಿರಿ. ಅವರು ಕರೆದೊಯ್ಯುವ ಕಚೇರಿ ಸರ್ಕಾರದ್ದಲ್ಲ, ಟೂರ್ ಪ್ಯಾಕೇಜ್ ಮಾರುವ ಅಂಗಡಿ. ಅನುಮಾನ ಬಂದರೆ ಹಾಸ್ಟೆಲಿಗೆ ನೀವೇ ಫೋನ್ ಮಾಡಿ. ಅವರ ಫೋನಿನಿಂದ ಮಾಡಬೇಡಿ. “ಐವತ್ತು ರೂಪಾಯಿಗೆ ಇಡೀ ಊರು ತೋರಿಸುತ್ತೇನೆ” ಎನ್ನುವ ಆಟೋದವರ ಸಂಪಾದನೆ ನಿಮ್ಮ ಐವತ್ತರಿಂದಲ್ಲ, ದಾರಿಯಲ್ಲಿ ನಿಲ್ಲಿಸುವ ಎಂಪೋರಿಯಂಗಳ ಕಮಿಷನ್‌ನಿಂದ ಬರುತ್ತದೆ.

ಮೆಟ್ರೋ ಬಳಸುವ ಕ್ರಮ

2025ರ ಆಗಸ್ಟ್ ಪರಿಷ್ಕರಣೆಯಂತೆ ಕನಿಷ್ಠ ದರ ₹11, ಗರಿಷ್ಠ ₹64. ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನದು ಬೇರೆ. ಸ್ಮಾರ್ಟ್ ಕಾರ್ಡ್‌ಗೆ ಶೇ 10 ರಿಯಾಯಿತಿ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನೂ ಶೇ 10. ಒಂದು ಕಾರ್ಡಿನಲ್ಲಿ ಇಬ್ಬರು ಒಟ್ಟಿಗೆ ಹೋಗಲಾಗುವುದಿಲ್ಲ. ಒಳಗೆ ಹೋಗುವಾಗ ತಟ್ಟಿದ ಕಾರ್ಡನ್ನು ಹೊರಬರುವಾಗಲೂ ಅದೇ ವ್ಯಕ್ತಿ ತಟ್ಟಬೇಕು. ಕಾರ್ಡು ಬೇಡವೆನ್ನುವವರು ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆಯಬಹುದು, ಅದೂ ಆದಷ್ಟು ಅವರವರ ಫೋನಿನಲ್ಲೇ ಇರಲಿ. ನಾಲ್ಕೂ ಒಬ್ಬನ ಫೋನಿನಲ್ಲಿದ್ದು ಆ ಫೋನು ಗೇಟು ದಾಟಿ ಹೋಗಿಬಿಟ್ಟರೆ ಉಳಿದವರು ಆಚೆ ನಿಂತು ಕೂಗಬೇಕು.

ಚಲಿಸುವ ದಿಕ್ಕಿನ ಮೊದಲ ಬೋಗಿ ಮಹಿಳೆಯರಿಗೆ. ಗಂಡು ಹೆಣ್ಣು ಬೆರೆತ ಗುಂಪಾದರೆ ಹುಡುಗರು ಎರಡನೇ ಬೋಗಿಯಲ್ಲಿ ನಿಂತರೆ ಇಳಿದಾಗ ಸೇರುವುದು ಸುಲಭ. ನೆಲದ ಮೇಲೆ ಕೂತರೆ ದಂಡ ಹಾಕುತ್ತಾರೆ, ಬೆನ್ನುಚೀಲ ಎದೆಯ ಕಡೆಗಿರಲಿ.

ರಾಜೀವ್ ಚೌಕ್‌ನ ನೂಕುನುಗ್ಗಲಲ್ಲಿ ಇಬ್ಬರು ಹತ್ತಿ ಇಬ್ಬರು ಉಳಿಯುವುದು ತೀರಾ ಸಾಮಾನ್ಯ. ಅದಕ್ಕೊಂದು ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳಿ: ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಮುಂತುದಿಯಲ್ಲಿ ಕಾಯುವುದು, ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೇ ಬರುವುದು. ಯಾರೂ ಹಿಂದಕ್ಕೆ ಬರಬಾರದು. ಎರಡೂ ಕಡೆಯವರು ಪರಸ್ಪರ ಹುಡುಕಲು ಹೊರಟರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಗುರುವಾರ: ಹುಮಾಯೂನ್ ಗೋರಿ, ಸಂಜೆ ದರ್ಗಾ

ಪ್ರಯಾಣದ ಆಯಾಸ ಇರುವ ದಿನಕ್ಕೆ ಹುಮಾಯೂನ್ ಗೋರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮರ, ಹುಲ್ಲು, ನೀರಿನ ಕಾಲುವೆ, ವಿಶಾಲ ಅಂಗಳ. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಟ್ಟಡ ತಾಜ್ ಮಹಲಿಗಿಂತ ಅರ್ಧ ಶತಮಾನಕ್ಕೂ ಹಿರಿದು. ನಾಲ್ಕು ಪಾಲಿನ ಚಾರ್‌ಬಾಗ್ ತೋಟದ ನಡುವೆ ಎತ್ತರದ ಜಗಲಿ, ಅದರ ಮೇಲೆ ಗುಮ್ಮಟ ಎಂಬ ವಿನ್ಯಾಸ ಇಲ್ಲಿ ಮೊದಲು ಈ ಪ್ರಮಾಣದಲ್ಲಿ ಬಂತು. ಒಳಗೆ ಹೋದೊಡನೆ ಎಲ್ಲರೂ ನೇರ ಮುಂದಕ್ಕೆ ಓಡುತ್ತಾರೆ. ಬಲಕ್ಕೆ ತಿರುಗಿ ಮೊದಲು ಎಂಟು ಮೂಲೆಯ ಈಸಾ ಖಾನ್ ಗೋರಿ ನೋಡಿ, ಅದು ಹುಮಾಯೂನನದಕ್ಕಿಂತಲೂ ಹಳೆಯದು.

ನೇರಳೆ ಮಾರ್ಗದ ಜೆಎಲ್‌ಎನ್ ಸ್ಟೇಡಿಯಂನಲ್ಲಿ ಇಳಿದು ಎರಡು ಕಿಲೋಮೀಟರಿನಷ್ಟು ಆಟೋ. ಭಾರತೀಯರಿಗೆ ಟಿಕೆಟ್ ₹40ರ ಆಸುಪಾಸು, ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆ. ಗೇಟಿನ ಬಳಿಯ ಕ್ಯೂಆರ್ ಫಲಕ ಸ್ಕ್ಯಾನ್ ಮಾಡಿದರೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಪಕ್ಕದ ಸುಂದರ್ ನರ್ಸರಿಗೆ ಬೇರೆ ಟಿಕೆಟ್, ಮರದಡಿ ಒರಗಲು ಯೋಗ್ಯ.

ಸಂಜೆ ಮಥುರಾ ರಸ್ತೆ ದಾಟಿ ನಿಜಾಮುದ್ದೀನ್ ಬಸ್ತಿಗೆ ನಡೆಯಿರಿ. ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ತೀರಿಕೊಂಡದ್ದು 1325ರಲ್ಲಿ, ಅದೇ ವರ್ಷ ಹೋದ ಶಿಷ್ಯ ಅಮೀರ್ ಖುಸ್ರೋನ ಗೋರಿಯೂ ಅದೇ ಅಂಗಳದಲ್ಲಿದೆ. ಗಲ್ಲಿಯುದ್ದಕ್ಕೂ ಹೂವಿನವರು “ಚಪ್ಪಲಿ ಇಲ್ಲೇ ಬಿಡಿ, ಪುಕ್ಕಟೆ” ಎನ್ನುತ್ತಾರೆ. ಬಿಟ್ಟರೆ ಹೂವಿನ ತಟ್ಟೆ ಕೊಳ್ಳಲೇಬೇಕಾಗುತ್ತದೆ. ದರ್ಗಾದ ಬಾಗಿಲವರೆಗೂ ಹಾಕಿಕೊಂಡೇ ಹೋಗಿ, ಅಲ್ಲಿ ಬಿಚ್ಚಿ ಚೀಲದೊಳಗೆ ಇಟ್ಟುಕೊಳ್ಳಿ. ತಲೆ ಮುಚ್ಚಿರಬೇಕು, ಹೆಂಗಸರಿಗೆ ಗೋರಿಯ ಒಳಕೋಣೆಗೆ ಪ್ರವೇಶವಿಲ್ಲ. ಗಲ್ಲಿ ಇಕ್ಕಟ್ಟು, ಗುರುವಾರ ಜನವೋ ಜನ; ಫೋನು ಮುಂದಿನ ಜೇಬಿನಲ್ಲಿರಲಿ.

ಶುಕ್ರವಾರ: ಕುತುಬ್‌ನಿಂದ ಕರ್ತವ್ಯ ಪಥಕ್ಕೆ

ಬೆಳಿಗ್ಗೆ ಬೇಗ ಕುತುಬ್ ಮಿನಾರ್ ನಿಲ್ದಾಣಕ್ಕೆ. ಹೆಸರು ಅದೇ ಆದರೂ ನಿಲ್ದಾಣದಿಂದ ಮಿನಾರು ಹತ್ತಿರವಿಲ್ಲ. ಒಂದೂವರೆ ಕಿಲೋಮೀಟರಿಗೂ ಹೆಚ್ಚು, ಆಟೋ ಅಥವಾ ಇ-ರಿಕ್ಷಾ ಹಿಡಿಯಿರಿ. ಮಿನಾರಿನ ಎತ್ತರ ಸುಮಾರು 73 ಮೀಟರ್. 1981ರ ಕಾಲ್ತುಳಿತದ ದುರಂತದ ನಂತರ ಒಳಗೆ ಹತ್ತಲು ಬಿಡುವುದಿಲ್ಲ, ಹತ್ತಿಸುತ್ತೇನೆ ಎಂದವನು ಗೈಡ್ ಅಲ್ಲ. ಅಂಗಳದ ಕಬ್ಬಿಣದ ಕಂಬ ಗುಪ್ತರ ಕಾಲದ್ದು, ಏಳು ಮೀಟರಿಗೂ ಹೆಚ್ಚು ಎತ್ತರ. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೇಲೊಂದು ತೆಳು ರಕ್ಷಕ ಪದರ ಕಟ್ಟಿ ತುಕ್ಕನ್ನು ತಡೆದಿದೆ. ಸುತ್ತ ಬೇಲಿ ಇದೆ, ತಬ್ಬಿಕೊಳ್ಳುವ ಹಳೆಯ ಆಟ ಈಗಿಲ್ಲ.

ಕುತುಬ್ ಮುಗಿದೊಡನೆ ಮೆಟ್ರೋಗೆ ಓಡಬೇಡಿ. ಪಕ್ಕದಲ್ಲೇ ಮೆಹ್ರೌಲಿ ಪುರಾತತ್ವ ಉದ್ಯಾನವಿದೆ, ಉಚಿತ. ಜಮಾಲಿ ಕಮಾಲಿ ಮಸೀದಿ, ರಾಜೋಂ ಕೀ ಬಾವಲಿ ಎಂಬ ಮೆಟ್ಟಿಲುಬಾವಿ ಎರಡನ್ನೂ ನೋಡಲು ಎರಡು ಗಂಟೆ ಸಾಕು. ಒಳಗೆ ಅಂಗಡಿಗಳಿಲ್ಲ, ಫಲಕಗಳೂ ಕಡಿಮೆ. ನೀರು ತುಂಬಿಕೊಂಡು, ಹಗಲಲ್ಲೇ, ಗುಂಪಾಗಿಯೇ ಹೋಗಿ. ಬಿಸಿಲೇರಿದ ಮೇಲೆ ಜೋರ್ ಬಾಗ್‌ನಲ್ಲಿ ಇಳಿದು ಲೋದಿ ಉದ್ಯಾನ. ಅದಕ್ಕೂ ಟಿಕೆಟ್ಟಿಲ್ಲ.

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಇರುವಾಗ ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ಕರ್ತವ್ಯ ಪಥದಲ್ಲಿ ಇಂಡಿಯಾ ಗೇಟ್ ಕಡೆ ನಡೆಯಿರಿ. 42 ಮೀಟರಿನ ಆ ಕಮಾನಿನ ಹಿಂದೆ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಹುತಾತ್ಮರ ಹೆಸರುಗಳನ್ನು ಒಂದೊಂದು ಕಲ್ಲಿನ ಮೇಲೆ ಕೆತ್ತಿರುವ ವೃತ್ತಾಕಾರದ ಗೋಡೆಗಳು. ಸೂರ್ಯಾಸ್ತದ ಹೊತ್ತಿನ ಸೇನಾ ವಿಧಿ ಮುಗಿಯುವ ತನಕ ಮಾತು ಬೇಡ, ಸೆಲ್ಫಿಯೂ ಬೇಡ.

ಶನಿವಾರ: ಹಳೆ ದಿಲ್ಲಿ

ಹಳೆ ದಿಲ್ಲಿಯನ್ನು ಮೂರನೆಯ ದಿನಕ್ಕೆ ಇಟ್ಟಿರುವುದಕ್ಕೆ ಕಾರಣ ಹೊಟ್ಟೆ. ಮೊದಲ ದಿನವೇ ಗಲ್ಲಿಯ ತಿನಿಸಿನ ಮೇಲೆ ಬಿದ್ದು ಮಲಗಿದರೆ ಮೂರು ದಿನ ನಷ್ಟ. ಮೂರನೆಯ ದಿನ ಕೆಟ್ಟರೆ ಹೆಚ್ಚೆಂದರೆ ಒಂದು ದಿನ.

ನೇರಳೆ ಮಾರ್ಗದ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿದು ಕೆಂಪುಕೋಟೆ ಬಾಗಿಲು ತೆರೆಯುವ ಹೊತ್ತಿಗೇ ಸಾಲಿನಲ್ಲಿರಿ. ಹತ್ತರ ನಂತರ ತಪಾಸಣೆಯ ಸಾಲು ಬೆಳೆಯುತ್ತದೆ. ವಸ್ತುಸಂಗ್ರಹಾಲಯ ಸೇರಿಸಿದ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಕೋಟೆಯ ಅರಮನೆಗಳಲ್ಲಿ ಉಳಿದಿರುವುದು ಕಡಿಮೆ, 1857ರ ನಂತರ ಬ್ರಿಟಿಷರು ಹೆಚ್ಚಿನವನ್ನು ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದರು. ಆ ಬ್ಯಾರಕ್‌ಗಳಲ್ಲೇ ಈಗ ಸಂಗ್ರಹಾಲಯಗಳಿವೆ. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ ಶುರುವಾದದ್ದೂ ಈ ಕೋಟೆಯೊಳಗೇ.

ಮುಂದೆ ಜಾಮಾ ಮಸೀದಿ, ಮಧ್ಯಾಹ್ನದ ನಮಾಜಿಗೆ ಮುಂಚೆ, ಅಂದರೆ ಹನ್ನೆರಡರೊಳಗೆ ಮುಗಿಯಲಿ. ಚಡ್ಡಿ ತೊಟ್ಟವರನ್ನು ಒಳಗೆ ಬಿಡುವುದಿಲ್ಲ. ಬಳಿಕ ದರೀಬಾ ಕಲಾಂನ ಬೆಳ್ಳಿ ಅಂಗಡಿಗಳು, ಕಿನಾರಿ ಬಜಾರಿನ ಜರತಾರಿ ಹಾದು ಚಾಂದನಿ ಚೌಕದ ದೊಡ್ಡ ಬೀದಿಗೆ ಬನ್ನಿ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಅಲ್ಲಿ ಮೋಟಾರು ವಾಹನಗಳಿಗೆ ನಿಷೇಧ. ಬೀದಿಯ ಪಶ್ಚಿಮ ತುದಿಯಲ್ಲಿ ಫತೇಪುರಿ ಮಸೀದಿ, ಅದರಾಚೆ ಖಾರಿ ಬಾವಲಿಯ ಮಸಾಲೆ ಸಂತೆ. ಒಣಮೆಣಸಿನ ಘಾಟಿಗೆ ಕೆಮ್ಮು ಬರುತ್ತದೆ, ಕರವಸ್ತ್ರ ಕೈಯಲ್ಲಿರಲಿ. ಸೈಕಲ್ ರಿಕ್ಷಾ ಹತ್ತುವ ಮುನ್ನ ಬಾಡಿಗೆ ಎಷ್ಟು ಎಂದಷ್ಟೇ ಅಲ್ಲ, “ಇಡೀ ರಿಕ್ಷಾಕ್ಕೋ ತಲೆಗೋ” ಎಂದೂ ಕೇಳಿ. ಜಗಳ ಹುಟ್ಟುವುದು ಈ ಎರಡನೆಯ ಪ್ರಶ್ನೆ ಕೇಳದೆ ಬಿಟ್ಟಾಗ.

ತಿನ್ನುವ ನಿಯಮ ಸರಳ: ಕಣ್ಣೆದುರೇ ಬಾಣಲೆಯಿಂದ ಇಳಿದದ್ದು ಸರಿ, ಹೆಚ್ಚಿಟ್ಟ ಹಣ್ಣು, ಬಿಡಿನೀರು, ಐಸ್ ಹಾಕಿದ ಪಾನೀಯ ಬೇಡ.

ರಾತ್ರಿ ಪಟೇಲ್ ಚೌಕ್‌ನಲ್ಲಿ ಇಳಿದು ಬಂಗ್ಲಾ ಸಾಹಿಬ್ ಗುರುದ್ವಾರಕ್ಕೆ. ಚಪ್ಪಲಿ ಒಪ್ಪಿಸಿ ಬಿಲ್ಲೆ ತೆಗೆದುಕೊಂಡು, ತಲೆ ಮುಚ್ಚಿ, ಕಾಲು ತೊಳೆದು ಒಳಗೆ ಹೋಗಿ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಉಚಿತ ಭೋಜನಶಾಲೆಯಲ್ಲಿ, ಎಲ್ಲರಿಗೂ ಊಟ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು, ತಟ್ಟೆಯಲ್ಲಿ ಬಿಡಬಾರದು. ಉಂಡ ಮೇಲೆ ಅರ್ಧ ಗಂಟೆ ಪಾತ್ರೆ ತೊಳೆಯಲು ಕೈ ಜೋಡಿಸಿದರೆ ಬೇಡವೆನ್ನುವವರಿಲ್ಲ.

ಭಾನುವಾರ: ಪುಸ್ತಕ, ಗಾಂಧಿ, ವಾಪಸು

ಹಾಸ್ಟೆಲ್ ಖಾಲಿ ಮಾಡಿ ಚೀಲ ಅಲ್ಲೇ ಬಿಡಿ. ಪುಸ್ತಕ ಸಂತೆ ಹಿಂದೆ ದರಿಯಾಗಂಜಿನ ಫುಟ್‌ಪಾತಿನಲ್ಲಿತ್ತು, 2019ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರವಾಯಿತು. ನೇರಳೆ ಮಾರ್ಗದ ದಿಲ್ಲಿ ಗೇಟ್ ನಿಲ್ದಾಣ ಹತ್ತಿರ. ಕಿಲೋ ಲೆಕ್ಕದಲ್ಲಿ ಕೊಳ್ಳುವ ಮುನ್ನ ಚೀಲದ ಭಾರ ನೆನಪಿರಲಿ.

ಅಲ್ಲಿಂದ ಲೋಕ ಕಲ್ಯಾಣ ಮಾರ್ಗಕ್ಕೆ ಬಂದು ಗಾಂಧಿ ಸ್ಮೃತಿ. ಬದುಕಿನ ಕೊನೆಯ 144 ದಿನ ಗಾಂಧೀಜಿ ಇದ್ದ, 1948ರ ಜನವರಿ 30ರಂದು ಗುಂಡಿಗೆ ಬಲಿಯಾದ ಮನೆ. ಕೋಣೆಯಿಂದ ಪ್ರಾರ್ಥನಾ ಸ್ಥಳದವರೆಗಿನ ಕೊನೆಯ ಹೆಜ್ಜೆಗಳನ್ನು ಹಾದಿಯಲ್ಲಿ ಮೂಡಿಸಿದ್ದಾರೆ. ಉಳಿದ ಹೊತ್ತಿಗೆ ಒಂದೇ ಸಂಗ್ರಹಾಲಯ ಆರಿಸಿ, ಎರಡಕ್ಕೆ ಆಸೆ ಪಡಬೇಡಿ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಮೊಹೆಂಜೊದಾರೊದ ನರ್ತಕಿಯನ್ನು ಹುಡುಕಿ ನೋಡಿ. ಪಠ್ಯಪುಸ್ತಕದ ಚಿತ್ರ ನೋಡಿ ಆಳೆತ್ತರ ಎಂದುಕೊಂಡವರು ಹಾಗೇ ದಾಟಿಬಿಡುತ್ತಾರೆ, ಅದರ ಎತ್ತರ ಗೇಣಿಗೂ ಕಡಿಮೆ.

ಅಕ್ಷರಧಾಮ ಬೇಕೇ ಬೇಕೆಂದರೆ ಶುಕ್ರವಾರದ ಲೋದಿ ಉದ್ಯಾನವನ್ನೂ ಕರ್ತವ್ಯ ಪಥವನ್ನೂ ಬಿಡಬೇಕು. ಫೋನು, ಕ್ಯಾಮೆರಾ, ಚೀಲ ಯಾವುದನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ಒಪ್ಪಿಸಿ ಮರಳಿ ಪಡೆಯುವುದಕ್ಕೇ ಸಾಕಷ್ಟು ಹೊತ್ತು ಬೇಕು. ಒಳಗೆ ತಪ್ಪಿಸಿಕೊಂಡರೆ ಸೇರುವ ಜಾಗವನ್ನೂ ಮೊದಲೇ ಗೊತ್ತು ಮಾಡಿ. ಆಗ್ರಾಕ್ಕೆ ಐದನೆಯ ದಿನವೇ ಬೇಕು, ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ.

ದುಡ್ಡು

ಡಾರ್ಮಿಟರಿ, ಊಟ, ಮೆಟ್ರೋ, ಟಿಕೆಟ್ ಎಲ್ಲ ಸೇರಿ ದಿನಕ್ಕೆ ತಲಾ ₹1,500ರಿಂದ ₹2,000 ಇಟ್ಟುಕೊಂಡರೆ ಬಿಗಿಯಾಗುವುದಿಲ್ಲ. ಮೊದಲ ದಿನ ಎಲ್ಲರೂ ತಲಾ ₹2,000 ಒಬ್ಬರಿಗೆ ಹಾಕಿ, ಸಾಮಾನ್ಯ ಖರ್ಚೆಲ್ಲ ಆ ಖಾತೆಯಿಂದಲೇ ಹೋಗಲಿ, ಮುಗಿದಾಗ ಮತ್ತೆ ಹಾಕಿ. ಶಾಪಿಂಗ್, ಸಿಗರೇಟು, ಒಬ್ಬರಿಗೇ ಬೇಕಾದ ಆಟೋ ಇದಕ್ಕೆ ಸೇರುವುದಿಲ್ಲ ಎಂದು ಶುರುವಿನಲ್ಲೇ ಹೇಳಿಬಿಡಿ. ಹತ್ತು, ಇಪ್ಪತ್ತರ ನೋಟುಗಳಲ್ಲಿ ₹500 ಚಿಲ್ಲರೆ ಕೈಯಲ್ಲಿರಲಿ. ಇ-ರಿಕ್ಷಾದವರು ಐನೂರರ ನೋಟು ಮುಟ್ಟುವುದಿಲ್ಲ, ಯುಪಿಐ ಬೇಕಾದಾಗ ನೆಟ್‌ವರ್ಕ್ ಇರುವುದಿಲ್ಲ.

ಹೊರಡುವಾಗ

ಬೆಂಗಳೂರಿನ ಎರಡೂ ರೈಲುಗಳು ಸಂಜೆ ಎಂಟರ ಸುಮಾರಿಗೆ ಹೊರಡುತ್ತವೆ. ಐದಕ್ಕೇ ಹಾಸ್ಟೆಲಿಗೆ ಮರಳಿ ಚೀಲ ಎತ್ತಿಕೊಳ್ಳಿ, ಟಿಕೆಟ್ಟಿನಲ್ಲಿ ನಿಜಾಮುದ್ದೀನ್ ಎಂದಿದೆಯೋ ನ್ಯೂ ಡೆಲ್ಲಿ ಎಂದಿದೆಯೋ ಇನ್ನೊಮ್ಮೆ ನೋಡಿ. ಹಾಸ್ಟೆಲ್ ದೂರವಿದ್ದು ಚೀಲವನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡುವುದಾದರೆ ರೈಲು ಟಿಕೆಟ್ ತೋರಿಸಬೇಕು, ಚೀಲಕ್ಕೆ ಬೀಗ ಹಾಕಿರಬೇಕು. ಬೀಗವಿಲ್ಲದ ಬೆನ್ನುಚೀಲವನ್ನು ತೆಗೆದುಕೊಳ್ಳುವುದಿಲ್ಲ. ಜಿಪ್ಪಿನ ಎರಡೂ ಕೊಂಡಿಗಳಿಗೆ ಸೇರಿಸಿ ಹಾಕಿದರೆ ಲಾಕರಿನ ಸಣ್ಣ ಬೀಗವೇ ಸಾಕಾಗುತ್ತದೆ. ವಿಮಾನದವರು ಕೆಲವು ಸಂಸ್ಥೆಗಳ ಚೀಲಗಳನ್ನು ನ್ಯೂ ಡೆಲ್ಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ನಿಲ್ದಾಣದಲ್ಲೇ ಚೆಕ್-ಇನ್ ಮಾಡಿಸಿ ಬರಿಗೈಯಲ್ಲಿ ತಿರುಗಬಹುದು. ನಿಮ್ಮ ಸಂಸ್ಥೆ, ನಿಮ್ಮ ಟರ್ಮಿನಲ್ ಆ ಸೌಲಭ್ಯದಲ್ಲಿ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ.